ನಟ ಹೋದರೆ ಪೇಟೆಯೇ ಬಂದ್, ಗುಡ್ಡ ಕುಸಿದು ಹೋದವರ ಹೆಸರೂ ಗೊತ್ತಿಲ್ಲ: ಯಾಕೆ ಹೀಗೆ?

ಮಂಜಗುಣಿ ತಾರಿ

ಬರುವ ಜುಲೈ 16ಕ್ಕೆ ಶಿರೂರು ಗುಡ್ಡ ಕುಸಿತದಲ್ಲಿ ಹೋದವರ ನೆನಪಿಗೆ ಒಂದು ಸಭೆ ಮಾಡಬೇಕು ಅಂತ ಅಂಕೋಲಾ, ಕುಮಟಾ ಕಡೆಯ ನಾಲ್ಕೈದು ಸಂಘದವರು ಮಾತಾಡುತ್ತಿದ್ದೇವೆ. (ಉತ್ತರ ಕನ್ನಡ ಜಿಲ್ಲೆಯ ನಮ್ಮ ಅಂಕೋಲಾ ತಾಲೂಕಿನ ಶಿರೂರು. ಬೈಂದೂರು ಪಕ್ಕದ ಟೋಲ್‌ಗೇಟ್ ಶಿರೂರು ಅಲ್ಲ.) ಮಾತಿನ ನಡುವೆ ಒಂದು ಪ್ರಶ್ನೆ ಎದ್ದಿತು, ಅದಕ್ಕೆ ಯಾರಲ್ಲೂ ಸರಿಯಾದ ಉತ್ತರ ಇಲ್ಲ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಾರವಾರದಿಂದ ಭಟ್ಕಳದವರೆಗೆ ರಿಕ್ಷಾ ಸ್ಟ್ಯಾಂಡುಗಳಲ್ಲಿ ಫೋಟೊ ಇಟ್ಟು, ಹಾರ ಹಾಕಿ, ದೀಪ ಹಚ್ಚಿದರು. ಯಾರೂ ಕರೆ ಕೊಟ್ಟಿರಲಿಲ್ಲ. 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು 11 ಜನ ಹೋದರು. ಚಹಾ ಅಂಗಡಿಯ ಒಂದೇ ಕುಟುಂಬದವರು, ಚಹಾಕ್ಕೆ ಇಳಿದಿದ್ದ ಚಾಲಕರು, ಹೊಳೆಯ ಆಚೆ ಉಳುವರೆಯಲ್ಲಿ ಮನೆಗೆ ನೀರು ನುಗ್ಗಿ ಸತ್ತ ಹೆಂಗಸು. ಸುದ್ದಿಯನ್ನು ಎಲ್ಲರೂ ನೋಡಿದರು. ಆದರೆ ಆ ಹನ್ನೊಂದು ಹೆಸರು ಹೇಳಿ ಅಂದರೆ ನಮ್ಮ ತಾಲೂಕಿನವರೇ ತಡವರಿಸುತ್ತಾರೆ. ನೆನಪಿರುವುದು ಕೇರಳದ ಲಾರಿ ಚಾಲಕನ ಹೆಸರು ಒಂದೇ.

ಜನ ಕಲ್ಲು ಮನಸ್ಸಿನವರು ಅಂತ ತಳ್ಳಿಹಾಕುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಇದಕ್ಕೆ ಕಾರಣ ಏನು? ಸಭೆಗೆ ಜನ ಬರಬೇಕು, ಬಂದವರು ಮನಸ್ಸಿಗೆ ಮುಟ್ಟಿಸಿಕೊಂಡು ಹೋಗಬೇಕು ಅಂದರೆ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ? ವಿಷಯ ಬಲ್ಲವರು ಬರೆಯಿರಿ.

ಹುಲೇಕಲ್ ಮೇಷ್ಟ್ರು

ದುಃಖ ಸತ್ತವರ ಸಂಖ್ಯೆ ನೋಡಿ ಬರುವುದಿಲ್ಲ, ಒಡನಾಟ ನೋಡಿ ಬರುತ್ತದೆ. ಆ ಒಡನಾಟ ಒಂದೇ ಕಡೆಯದಾದರೂ ಸಾಕು. 1956ರಲ್ಲೇ ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬಿಬ್ಬರು ಅಮೆರಿಕದ ಟಿವಿ, ರೇಡಿಯೊ ನಿರೂಪಕರನ್ನು ಜನ ಮನೆಗೆ ಬಂದುಹೋಗುವ ಪರಿಚಿತರ ಹಾಗೆ ಕಾಣುತ್ತಾರೆ ಎಂದು ಬರೆದರು. ತೆರೆಯ ಮೇಲಿನವನಿಗೆ ನಮ್ಮ ಪತ್ತೆಯೇ ಇರುವುದಿಲ್ಲ. ಆದರೆ ನಮ್ಮ ಮಿದುಳು ಮುಖ, ದನಿ, ನಗು, ಕಣ್ಣಿನ ನೋಟ ಇಷ್ಟನ್ನು ಲೆಕ್ಕ ಹಿಡಿಯುತ್ತದೆ, ಎದುರಿನವನು ನಮ್ಮನ್ನು ಬಲ್ಲನೇ ಎಂದು ಕೇಳುವುದಿಲ್ಲ. ಬಾಲನಟನಾಗಿ ಬಂದವನನ್ನು ನಲವತ್ತು ವರ್ಷ ನೋಡಿದವರಿಗೆ ಅವನ ಸಾವು ಸುದ್ದಿಯಲ್ಲ, ಮನೆ ಹುಡುಗ ಹೋದ ಹಾಗೆ.

ಇದು ಬರೀ ಪ್ರಸಿದ್ಧಿಯ ಮಾತಲ್ಲ. ನಮ್ಮ ಜಿಲ್ಲೆಯಲ್ಲೇ ನೋಡಿ. ತುಳಸಿ ಗೌಡ 2024ರ ಡಿಸೆಂಬರ್ 16ರಂದು ಹೋದರು, ಸುಕ್ರಿ ಬೊಮ್ಮಗೌಡ 2025ರ ಫೆಬ್ರವರಿ 13ರಂದು. ಇಬ್ಬರೂ ಅಂಕೋಲಾ ತಾಲೂಕಿನವರು, ಇಬ್ಬರೂ ಪದ್ಮಶ್ರೀ, ತುಳಸಿ ಗೌಡರಿಗೆ ಪ್ರಧಾನಿಯಿಂದಲೂ ಸಂತಾಪ ಬಂತು. ಎರಡು ದಿನದಲ್ಲಿ ಎಲ್ಲ ತಣ್ಣಗಾಯಿತು. ಸುಕ್ರಜ್ಜಿಯ ಫೋಟೊ ಕಂಡವರು ಬಹಳ, ಹಾಡಿಗೆ ಕೂತು ಕಿವಿಕೊಟ್ಟವರು ಕಡಿಮೆ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರ ಅಕ್ಟೋಬರ್ 3ರಂದು ಹೋದಾಗ ಹಾಗಾಗಲಿಲ್ಲ. ಅವರಿಗೆ 84 ಆಗಿತ್ತು, ಅಕಾಲ ಮರಣ ಅಲ್ಲ. ಆದರೂ ಹೊನ್ನಾವರ, ಸಿದ್ದಾಪುರ ಕಡೆ ಜನ ಮಾತಾಡಿದ್ದು ಪ್ರಶಸ್ತಿಯನ್ನಲ್ಲ, ಅವರ ಕೀಚಕನನ್ನು, ಭಸ್ಮಾಸುರನನ್ನು. ಇಡೀ ರಾತ್ರಿ ಎದುರು ಕೂತು ನೋಡಿದ ಗಂಟೆಗಳ ಲೆಕ್ಕ ಅದು.

ಎರಡನೆಯದು ಸಂಖ್ಯೆಯ ತೊಡಕು. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಸಭೆ ಮಾಡುವವರಿಗೆ ನೇರವಾಗಿ ಬೇಕಾದದ್ದು. ಭಾಗವಹಿಸಿದವರ ಕೈಗೆ 5 ಡಾಲರ್ ಕೊಟ್ಟು, ಬೇಕಿದ್ದರೆ ದಾನ ಮಾಡಿ ಎಂದರು. ಒಂದು ಗುಂಪಿಗೆ ಮಾಲಿ ದೇಶದ ರೋಕಿಯಾ ಎಂಬ 7 ವರ್ಷದ ಹುಡುಗಿಯ ಚಿತ್ರ ತೋರಿಸಿದರು. ಇನ್ನೊಂದಕ್ಕೆ ಹಸಿದ ಲಕ್ಷಾಂತರ ಜನರ ಅಂಕಿ ಅಂಶ ಕೊಟ್ಟರು. ಮೊದಲ ಗುಂಪು ಸರಾಸರಿ 2.38 ಡಾಲರ್ ಕೊಟ್ಟಿತು, ಎರಡನೆಯದು 1.14. ಹುಡುಗಿಯ ಚಿತ್ರ, ಅಂಕಿ ಅಂಶ ಎರಡನ್ನೂ ಒಟ್ಟಿಗೆ ನೋಡಿದವರು 1.43ಕ್ಕೆ ನಿಂತರು! ಹೆಚ್ಚು ಮಾಹಿತಿ ಕೊಟ್ಟದ್ದಕ್ಕೆ ಮನಸ್ಸು ಹಿಂಜರಿಯಿತು. ಆದ್ದರಿಂದ ನಿಮ್ಮ ಬ್ಯಾನರಿನಲ್ಲಿ ಮುಖಗಳ ಪಕ್ಕ ‘ಜಿಲ್ಲೆಯಲ್ಲಿ ಇಷ್ಟು ಕಡೆ ಕುಸಿತ, ಇಷ್ಟು ಎಕರೆ ಹಾನಿ’ ಎಂದು ಬರೆಯಬೇಡಿ. ಆ ಲೆಕ್ಕ ಜಿಲ್ಲಾಧಿಕಾರಿಗೆ ಕೊಡುವ ಮನವಿಯಲ್ಲಿರಲಿ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ನಟ ಸತ್ತರೆ ಅಳುವುದಕ್ಕೆ ಎಲ್ಲರಿಗೂ ಹಕ್ಕಿದೆ, ಯಾರೂ ‘ನಿನಗೇನು ಸಂಬಂಧ’ ಅಂತ ಕೇಳುವುದಿಲ್ಲ. ಪಕ್ಕದೂರಿನ ಮಗು ಸತ್ತರೆ ಆ ಹಕ್ಕು ಮನೆಯವರದ್ದು. ನಾವು ಹೋಗಿ ಅತ್ತರೆ ಅತಿಯಾಯಿತು ಎಂಬ ಅಳುಕು. ಸುಮ್ಮನಿದ್ದವರೆಲ್ಲ ದುಃಖ ಇಲ್ಲದವರಲ್ಲ, ಎಷ್ಟೋ ಜನ ಸಂಕೋಚದವರು. ಜೊತೆಗೆ ಭಯವೂ ಇದೆ. ನಟನ ಸಾವು ನಮ್ಮ ಮೈಮೇಲೆ ಬರುವಂಥದ್ದಲ್ಲ. ಅದೇ ಗುಡ್ಡದ ಬುಡದಲ್ಲಿ ದಿನಾ ಬಸ್ಸಿನಲ್ಲಿ ಹೋಗುವವನು ಆ ಸಾವನ್ನು ಹೆಚ್ಚು ಹೊತ್ತು ನೋಡಲಾರ. ಅವನ ದುಃಖ ಬೇಗ ಸಿಟ್ಟಾಗುತ್ತದೆ: ಗುಡ್ಡ ಕಡಿದವರ ಮೇಲೆ, ಗುತ್ತಿಗೆಯವರ ಮೇಲೆ, ಸರ್ಕಾರದ ಮೇಲೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಮೈಕ್ ಹಿಡಿದ ಕೂಡಲೇ ಸತ್ತವರು ವೇದಿಕೆಯಿಂದ ಇಳಿದುಬಿಡುತ್ತಾರೆ.

ರಾತ್ರಿ ಪಾಳಿ

ಮೇಷ್ಟ್ರು ಮನಸ್ಸಿನ ಒಳಗಿನದ್ದು ಹೇಳಿದರು. ಪತ್ರಿಕೆಯ ಡೆಸ್ಕಿನಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ, ಅರ್ಧ ಉತ್ತರ ಅಲ್ಲಿದೆ.

ಖ್ಯಾತರ ಸಾವಿಗೆ ಎಲ್ಲವೂ ತಯಾರಿರುತ್ತದೆ. ವಯಸ್ಸಾದವರಾದರೆ ಬರಹ ಮೊದಲೇ ಬರೆದಿಟ್ಟಿರುತ್ತಾರೆ, ತಾರೀಕು ಸೇರಿಸಿದರೆ ಮುಗಿಯಿತು. ಅನಿರೀಕ್ಷಿತ ಸಾವಾದರೂ ಸಾವಿರಾರು ಫೋಟೊ, ಹಳೆಯ ಸಂದರ್ಶನ, ಹಾಡಿನ ತುಣುಕು ಕೈಗೆ ಸಿಗುತ್ತವೆ. ಟಿವಿಯವರು ಮೂರು ದಿನ ಒಂದು ನಿಮಿಷ ಖಾಲಿ ಬಿಡದೆ ಓಡಿಸಬಹುದು. ಯಲ್ಲಾಪುರದ ಹತ್ತಿರ ಲಾರಿ ಮಗುಚಿದರೆ ಸಿಗುವುದು ಮಗುಚಿದ ಲಾರಿಯ ಎರಡು ಫೋಟೊ, ಠಾಣೆಯಿಂದ ಬಂದ ಹೆಸರಿನ ಪಟ್ಟಿ. ಆ ಪಟ್ಟಿಯಲ್ಲೂ ಹೆಸರು, ಊರು, ವಯಸ್ಸು ಬಿಟ್ಟರೆ ಏನಿಲ್ಲ. ಅದು ಜಿಲ್ಲಾ ಪುಟಕ್ಕೆ ಹೋಗುತ್ತದೆ, ಮೈಸೂರಿನ ಆವೃತ್ತಿಯಲ್ಲಿ ಒಂದು ಕಾಲಂ. ಮರುದಿನ ತಾಲೂಕು ವರದಿಗಾರ ಬೇರೆ ಸುದ್ದಿಗೆ ಓಡಬೇಕು.

ಕರಾವಳಿಗೇ ಅಂಟಿದ ಇನ್ನೊಂದು ಕಾರಣ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಇಲ್ಲಿನ ದುರಂತಗಳಿಗೆ ಊರು ಇರುವುದಿಲ್ಲ. 2025ರ ಜನವರಿ 22ರ ಯಲ್ಲಾಪುರದ ಅಪಘಾತವನ್ನೇ ತೆಗೆದುಕೊಳ್ಳಿ: ಸವಣೂರಿನ ಹಣ್ಣು ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಬರುತ್ತಿದ್ದವರು, ನಸುಕಿನಲ್ಲಿ ಹತ್ತು ಮಂದಿ ಹೋದರು. ಮನೆ ಹಾವೇರಿ ಜಿಲ್ಲೆಯಲ್ಲಿ, ಕೇಸು ಯಲ್ಲಾಪುರದಲ್ಲಿ, ಕಾಯುತ್ತಿದ್ದ ಗಿರಾಕಿ ಕುಮಟಾದಲ್ಲಿ. ಯಾರ ಊರಿನ ಸಾವು ಅದು? ಕೂರ್ಮಗಡದ ಜಾತ್ರೆಯಿಂದ ಮರಳುವಾಗ 2019ರ ಜನವರಿ 21ರಂದು ಕಾರವಾರದ ಎದುರು ದೋಣಿ ಮುಳುಗಿ 16 ಜನ ಹೋದರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರು. ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ಬೋಟಿನ ಕಥೆ ಇದಕ್ಕೆ ತಿರುವುಮುರುವು: ಬೋಟು ಮಲ್ಪೆಯದು, 2018ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಾಲ್ವಣ ಸಮುದ್ರದಲ್ಲಿ ಕಾಣೆಯಾಯಿತು, ಅದರಲ್ಲಿದ್ದ ಏಳು ಮೀನುಗಾರರಲ್ಲಿ ಐವರು ನಮ್ಮ ಜಿಲ್ಲೆಯವರು. ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಸತ್ತ ಜಾಗ ಒಂದು, ಸತ್ತವರ ಊರು ಇನ್ನೊಂದು, ಬೋಟಿನ ಬಂದರು ಮತ್ತೊಂದು. ಸೇರಿ ಅಳುವುದಕ್ಕೆ ಒಂದು ಅಂಗಳ ಬೇಕಲ್ಲ, ಅದೇ ಇಲ್ಲ.

ಶಿರೂರಿನಲ್ಲಿ ಕೇರಳದ ಚಾಲಕನ ಹೆಸರು ಮಾತ್ರ ಉಳಿದದ್ದು ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅವನಿಗೆ ಊರು ಇತ್ತು, ಊರಿನ ಬೆನ್ನಿಗೆ ಇಡೀ ರಾಜ್ಯದ ಟಿವಿ ಇತ್ತು. ಮರದ ದಿಮ್ಮಿ ತುಂಬಿದ ಲಾರಿ, ಜಿಪಿಎಸ್ ತೋರಿಸಿದ ಜಾಗ, ಮೊಬೈಲ್ ರಿಂಗ್ ಆಯಿತಂತೆ ಎಂಬ ಮಾತು, ಕ್ಯಾಬಿನ್ನಿನೊಳಗೆ ಜೀವ ಇರಬಹುದೇ ಎಂಬ ಆಸೆ. ಕೊನೆ ಗೊತ್ತಿಲ್ಲದ ಸುದ್ದಿಯನ್ನು ಜನ ಬಿಟ್ಟು ಏಳುವುದಿಲ್ಲ. ಗೋವಾದಿಂದ ಹೂಳೆತ್ತುವ ಡ್ರೆಜರ್ ಬಂದು ಗಂಗಾವಳಿ ಹೊಳೆಯಿಂದ ಲಾರಿ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನವೂ ಅದು ಸುದ್ದಿಯಾಗಿಯೇ ಇತ್ತು. ಚಹಾ ಅಂಗಡಿಯವರ ದೇಹ ಮೊದಲ ದಿನಗಳಲ್ಲೇ ಸಿಕ್ಕಿತು. ಸಿಕ್ಕಿದ್ದರಿಂದಲೇ ಅವರ ಸುದ್ದಿ ಮುಗಿಯಿತು. ಇದರಲ್ಲಿ ಕೇರಳದವರ ತಪ್ಪೇನೂ ಇಲ್ಲ, ಅವರು ಒತ್ತಡ ಹಾಕದಿದ್ದರೆ ಆ ಡ್ರೆಜರ್ ಬರುತ್ತಿತ್ತೋ ಇಲ್ಲವೋ.

ಇನ್ನು ಸಾಮಾನ್ಯರ ಸಾವೂ ರಾಜ್ಯವನ್ನು ಅಲ್ಲಾಡಿಸಿದ್ದಿದೆ. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಜಾರಿ ನಾಲ್ವರು ಹೋದರು. ಸಿಬ್ಬಂದಿ ಅವಸರದಲ್ಲಿ ಬ್ಯಾರಿಕೇಡ್ ಎಳೆಯುವುದು, ಒದ್ದೆ ನೆಲದ ಮೇಲೆ ಗಾಡಿ ತಿರುಗುವುದು ಎಲ್ಲ ಸಿಸಿಟಿವಿಯಲ್ಲಿತ್ತು. ವಿಡಿಯೊ ಇದ್ದದ್ದಕ್ಕೆ ಅದು ಫೋನಿಂದ ಫೋನಿಗೆ ಹೋಯಿತು. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಬೇಡಿಕೆ ತಯಾರಿದ್ದದ್ದಕ್ಕೆ ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಅನ್ನುವ ಕೂಗಾಯಿತು. ದೃಶ್ಯ ಒಂದೇ ಇದ್ದರೆ ನಾಲ್ಕು ದಿನ, ಬೇಡಿಕೆ ಒಂದೇ ಇದ್ದರೆ ಬರೀ ಮನವಿ ಪತ್ರ.

ಶಂಕ್ರಣ್ಣನ ಸ್ಟ್ಯಾಂಡ್

ರಾತ್ರಿ ಪಾಳಿಯವರೆ, ಎಲ್ಲ ಟಿವಿ ಮಾಡಿದ್ದು ಅಂದರೆ ಒಪ್ಪುವುದಿಲ್ಲ ಮಾರಾಯ್ರೆ. ಶಂಕರ್ ನಾಗ್ ನಮ್ಮ ಹೊನ್ನಾವರ ತಾಲೂಕಿನಲ್ಲಿ ಹುಟ್ಟಿದವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತವಾಗಿ ಹೋದರು, 35 ವರ್ಷ. ಆಗ ಖಾಸಗಿ ಚಾನೆಲ್ ಇಲ್ಲ, ಮೊಬೈಲ್ ಇಲ್ಲ. ಅವರು ಹೋದ ಮೇಲೆ ಹುಟ್ಟಿದ ಹುಡುಗರೂ ಇವತ್ತು ರಿಕ್ಷಾದ ಹಿಂದೆ ಅವರ ಚಿತ್ರ ಅಂಟಿಸುತ್ತಾರೆ. ಒಂದು ಸಿನಿಮಾದಲ್ಲಿ ರಿಕ್ಷಾ ಓಡಿಸುವವನಾಗಿ ಅವರು ಬಂದದ್ದರಿಂದ ನಮ್ಮ ಕೆಲಸಕ್ಕೆ ಒಂದು ಮರ್ಯಾದೆ ಬಂತು, ಅದರ ಋಣ. ಅಭಿಮಾನಿ ಅಳುವುದು ಹುಚ್ಚು, ಗುಡ್ಡ ಕುಸಿತಕ್ಕೆ ಅಳುವುದು ಮಾನವೀಯತೆ ಅಂತ ತಕ್ಕಡಿ ಹಿಡಿದರೆ ನಿಮ್ಮ ಸಭೆಗೆ ರಿಕ್ಷಾದವರು ಬರುವುದಿಲ್ಲ. ಶಿರೂರಿನಲ್ಲಿ ಹೋದವರಲ್ಲಿ ಚಾಲಕರೇ ಎಷ್ಟು ಮಂದಿ! ಅದನ್ನು ಸ್ಟ್ಯಾಂಡಿಗೆ ಬಂದು ಹೇಳಿ, ‘ನಿಮ್ಮವರು’ ಅಂತ ಹೇಳಿ. ಆಗ ನೋಡಿ.

ರಾತ್ರಿ ಪಾಳಿ

ಒಪ್ಪಿದೆ. ಟಿವಿ ಬೆಂಕಿ ಹಚ್ಚುವುದಿಲ್ಲ, ಗಾಳಿ ಹಾಕುತ್ತದೆ. ಆದರೆ ಆ ಗಾಳಿಯ ಅಪಾಯ ಸಣ್ಣದಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ಹೋದಾಗ ಬೆಂಗಳೂರಿನಲ್ಲಿ ದರ್ಶನದ ಜಾಗ, ಹೊತ್ತು, ದಾರಿ ಜನರಿಗೆ ಸರಿಯಾಗಿ ತಿಳಿಯದೆ ಗಲಭೆಯಾಗಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಸೇರಿ ಹಲವರ ಜೀವ ಹೋಯಿತು. 2021ರಲ್ಲಿ ಅದರಿಂದ ಪಾಠ ಕಲಿತಿದ್ದರು: ಕಂಠೀರವ ಕ್ರೀಡಾಂಗಣದಲ್ಲಿ ಸಾಲು ಕಟ್ಟಿಸಿ ದರ್ಶನ, ಮದ್ಯ ಮಾರಾಟ ಬಂದ್, ಅಕ್ಟೋಬರ್ 31ರ ನಸುಕಿನಲ್ಲೇ ಮೆರವಣಿಗೆ ಹೊರಟು ಜನ ಏಳುವಷ್ಟರಲ್ಲಿ ಅಂತ್ಯಕ್ರಿಯೆ. ಹಾಗಿದ್ದೂ ಅಭಿಮಾನಿಗಳು ದುಡುಕಬಾರದು ಎಂದು ಕುಟುಂಬದವರೇ ಕೇಳಿಕೊಳ್ಳಬೇಕಾಯಿತು. ಡಯಾನಾ ಅಂತ್ಯಕ್ರಿಯೆಯ ಮರುತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆತ್ಮಹತ್ಯೆ ಶೇ 17ರಷ್ಟು ಹೆಚ್ಚಿತ್ತು ಎಂಬುದು ದಾಖಲಾಗಿದೆ. ಅಂಥ ಸುದ್ದಿಯಲ್ಲಿ ವಿಧಾನ ವಿವರಿಸಬಾರದು, ವೈಭವೀಕರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ತಂದಿದೆ. ಸ್ಥಳೀಯ ಯೂಟ್ಯೂಬ್ ಚಾನೆಲ್ ನಡೆಸುವವರು ಯಾರಾದರೂ ಇಲ್ಲಿದ್ದರೆ, ಅಂಥ ಸುದ್ದಿಯ ಕೆಳಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಾಕಿ.

ದಿವಗಿ ಸೇತುವೆ

ಕಾರಣ ಸಾಕು, ಮಂಜಗುಣಿಯವರು ಕೇಳಿದ ಕೆಲಸಕ್ಕೆ ಬರೋಣ. ಮೊದಲು ಫೋಟೊ, ಯಾಕೆಂದರೆ ಹೆಚ್ಚಿನ ಸಭೆ ಕೆಡುವುದು ಅಲ್ಲೇ.

ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ನಟರ ಚಿತ್ರ ಹಿನ್ನೆಲೆ ಕತ್ತರಿಸಿ ತಯಾರಿರುತ್ತದೆ, ಅರ್ಧ ಗಂಟೆಯಲ್ಲಿ ಬ್ಯಾನರ್ ಕೈಗೆ ಬರುತ್ತದೆ. ನಿಮಗೆ ಸಿಗುವುದು ಆಧಾರ್ ಕಾರ್ಡಿನ ಚಿತ್ರ, ಮದುವೆ ಗುಂಪಿನಲ್ಲಿ ಮೂರನೇ ಸಾಲಿನ ಮುಖ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಅದನ್ನು 6 ಅಡಿಯ ಬ್ಯಾನರಿಗೆ, ಅಂದರೆ 72 ಇಂಚಿಗೆ ಎಳೆದರೆ ಇಂಚಿಗೆ 22 ಪಿಕ್ಸೆಲ್. ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಸತ್ತವರ ತಾಯಿ ಬಂದು ನೋಡುವುದು ಆ ಮುಖವನ್ನು. ಆದ್ದರಿಂದ ದೊಡ್ಡ ಬ್ಯಾನರ್ ಆಸೆ ಬಿಡಿ. ಒಬ್ಬೊಬ್ಬರಿಗೆ 12 ಇಂಚು × 18 ಇಂಚಿನ ಒಂದು ಡಿಜಿಟಲ್ ಪ್ರಿಂಟ್ ತೆಗೆಸಿ ದಪ್ಪ ಬೋರ್ಡಿಗೆ ಅಂಟಿಸಿ. ಅದೇ 1600 ಪಿಕ್ಸೆಲ್ ಇಲ್ಲಿ ಇಂಚಿಗೆ 89 ಆಗುತ್ತದೆ, ಐದಾರು ಅಡಿ ದೂರದಿಂದ ಚೊಕ್ಕ ಕಾಣುತ್ತದೆ. ಫೋಟೊ ಕಳಿಸುವವರಿಗೆ ‘ಡಾಕ್ಯುಮೆಂಟ್ ಮಾಡಿ ಕಳಿಸಿ’ ಅನ್ನಿ, ಆಗ ಕುಗ್ಗುವುದಿಲ್ಲ. ಗೋಡೆಯ ಫೋಟೊ ಆದರೆ ಚೌಕಟ್ಟಿನಿಂದ ಹೊರಗೆ ತೆಗೆದು, ಜಗುಲಿಯ ನೆರಳಿನಲ್ಲಿ ಚಪ್ಪಟೆ ಇಟ್ಟು, ಫ್ಲಾಶ್ ಇಲ್ಲದೆ ನೇರ ಮೇಲಿನಿಂದ ತೆಗೆಯಿರಿ. ಗಾಜಿನ ಮೇಲಿಂದ ತೆಗೆದರೆ ಕಿಟಕಿಯ ಬಿಂಬ ಹಣೆಯ ಮೇಲೆ ಕೂರುತ್ತದೆ. ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ. ಎಲ್ಲರೂ ಹಾಕುತ್ತಾರೆ ಅಂತ ನೀವೂ ಹಾಕಿದರೆ, ಪುರಸಭೆಯವರು ಕಿತ್ತುಕೊಂಡು ಹೋಗುವುದು ನಿಮ್ಮದನ್ನೇ. ಬಟ್ಟೆ ಬ್ಯಾನರ್ ಮಾಡಿಸಿ, ಅನುಮತಿ ತೆಗೆದುಕೊಳ್ಳಿ.

ಯಾವ ಫೋಟೊ ಅಂತ ಆರಿಸುವವರು ಮನೆಯವರು, ನೀವಲ್ಲ. ಇಬ್ಬರು ಹೋಗಿ, ಒಂದೇ ಸಲ ಹೋಗಿ. ಹತ್ತು ಸಂಘದವರು ಹತ್ತು ಸಲ ಹೋಗಿ ಅದೇ ಪ್ರಶ್ನೆ ಕೇಳುವುದು ಹಿಂಸೆ. ಕೇಳಬೇಕಾದ್ದು ಇಷ್ಟು: ಹೆಸರು ಹೇಗೆ ಬರೆಯಬೇಕು, ಮನೆಯಲ್ಲಿ ಏನಂತ ಕರೆಯುತ್ತಿದ್ದರು, ಕೆಲಸ ಏನು, ಜನ ಅವರ ಬಗ್ಗೆ ಯಾವ ಒಂದು ಮಾತು ತಿಳಿಯಬೇಕು. ಸಭೆ ಬೇಡ, ಹೆಸರು ಬೇಡ ಎಂದರೆ ಅಲ್ಲಿಗೇ ಬಿಡಿ. ಮಕ್ಕಳ ಫೋಟೊಗೆ ಮತ್ತೊಮ್ಮೆ ಬೇರೆಯಾಗಿ ಕೇಳಿ. ತಮಿಳುನಾಡು, ಕೇರಳದ ಚಾಲಕರ ಮನೆಗೆ ಫೋನ್ ಮಾಡಿ ಹೆಸರಿನ ಉಚ್ಚಾರ ಕೇಳಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವೇದಿಕೆಯಲ್ಲಿ ಸತ್ತವನ ಹೆಸರು ತಪ್ಪಾಗಿ ಓದಿದರೆ ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಒಂದು ಸೂಕ್ಷ್ಮ ಇದೆ. ಲಾರಿ ಸಿಕ್ಕಾಗಲೂ ಇಬ್ಬರ ದೇಹದ ಸುಳಿವಿರಲಿಲ್ಲ. ದೇಹ ಸಿಗದವರ ಮನೆಯಲ್ಲಿ ದುಃಖದ ಲೆಕ್ಕವೇ ಬೇರೆ. ಫೋಟೊಗೆ ಹಾರ ಹಾಕುವುದು, ಹೆಸರಿನ ಹಿಂದೆ ‘ದಿವಂಗತ’ ಸೇರಿಸುವುದು ಇವೆರಡನ್ನೂ ಮನೆಯವರು ಬಾಯಿಬಿಟ್ಟು ಒಪ್ಪಿದರೆ ಮಾತ್ರ ಮಾಡಿ. ಎಲ್ಲರಿಗೂ ಹಾರ ಹಾಕಿ ಇಬ್ಬರಿಗೆ ಬಿಟ್ಟರೂ ಎದ್ದು ಕಾಣುತ್ತದೆ. ಹಾಗಾಗಿ ಯಾರಿಗೂ ಹಾರ ಬೇಡ, ಪ್ರತಿ ಫೋಟೊದ ಮುಂದೆ ಒಂದೊಂದು ಹೂ ಇಡುವ ಪದ್ಧತಿ ಇಟ್ಟುಕೊಳ್ಳಿ.

ದಿನದ ವಿಚಾರ. 2024ರ ಜುಲೈ 16 ಆಷಾಢ ಶುದ್ಧ ದಶಮಿ. ಮನೆಯವರು ವರ್ಷಾಂತಿಕ ಮಾಡುವುದು ತಿಥಿಗೆ, ಅದು ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತದೆ. ಪಂಚಾಂಗ ನೋಡಿ, ಎರಡೂ ಒಂದೇ ವಾರಕ್ಕೆ ಬಿದ್ದರೆ ಮನೆಯವರನ್ನು ಸಭೆಗೆ ಎಳೆಯಬೇಡಿ. ಜಾಗ ಕುಸಿತದ ಬುಡದಲ್ಲಿ ಖಂಡಿತ ಬೇಡ. ಜುಲೈ ಮಳೆ, ಸಡಿಲ ಮಣ್ಣು, ಹೆದ್ದಾರಿಯ ವಾಹನ. ಪೊಲೀಸರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಶಾಲೆ ಅಥವಾ ಸಮುದಾಯ ಭವನ ಹಿಡಿಯಿರಿ. ಠಾಣೆಗೆ ಮೈಕ್ ಅನುಮತಿಯ ಅರ್ಜಿ ಮೊದಲೇ ಕೊಡಿ.

ಕಾರ್ಯಕ್ರಮ 45 ನಿಮಿಷ ದಾಟಬಾರದು. ಹನ್ನೊಂದು ಹೆಸರು, ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಹಿಡಿದರೆ ಹದಿನೇಳು ನಿಮಿಷದೊಳಗೆ ಮುಗಿಯುತ್ತದೆ. ಅದು ಸಭೆಯ ಬೆನ್ನೆಲುಬು. ಓದುವವರು ಅದೇ ಕಸುಬಿನವರಾಗಲಿ: ಚಾಲಕರ ಹೆಸರನ್ನು ಚಾಲಕರು, ಅಂಗಡಿಯವರದ್ದನ್ನು ಹೋಟೆಲಿನವರು, ಉಳುವರೆಯವರದ್ದನ್ನು ಉಳುವರೆಯವರು. ಶಂಕ್ರಣ್ಣನ ಸ್ಟ್ಯಾಂಡಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಸಂಕೋಚ ಬಿಡಿಸುವುದಕ್ಕೆ ಬಂದವರ ಕೈಗೆ ಒಂದು ಕೆಲಸ ಕೊಡಬೇಕು, ಹೂ ಇಡುವುದು ಅಥವಾ ದೀಪ ಹಚ್ಚುವುದು. ಸುಮ್ಮನೆ ಕುರ್ಚಿಯಲ್ಲಿ ಕೂರಿಸಿದರೆ ಭಾಷಣ ಕೇಳಿ ಎದ್ದು ಹೋಗುತ್ತಾರೆ. ರಾಜಕಾರಣಿಗಳನ್ನು ಕರೆಯದೆ ಇರಲಾಗದು, ಕರೆದರೆ ಮೈಕ್ ಕೊಡದೆ ಇರಲಾಗದು. ಮೊದಲ ಸಾಲಿನಲ್ಲಿ ಮನೆಯವರನ್ನು ಕೂರಿಸಿ, ಗಣ್ಯರನ್ನು ಎರಡನೇ ಸಾಲಿಗೆ ಹಾಕಿ, ಅವರ ಮಾತನ್ನು ಹೆಸರು ಓದಿದ ಮೇಲೆ ಇಟ್ಟುಕೊಳ್ಳಿ. ಮೊದಲು ಮಾತಾಡಿಸಿದರೆ ಮಾತು ಮುಗಿಸಿ ಹೋಗಿಬಿಡುತ್ತಾರೆ, ಹಿಂದೆಯೇ ಅರ್ಧ ಸಭೆಯೂ ಏಳುತ್ತದೆ.

ಸಭೆಯ ಮೂಲೆಯಲ್ಲಿ ಒಂದು ಮೇಜು ಹಾಕಿ ಕಾಗದಪತ್ರ ಬಲ್ಲ ಒಬ್ಬರನ್ನು ಕೂರಿಸಿ. ಇದು ಭಾಷಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ವಿಪತ್ತಿನಲ್ಲಿ ಸತ್ತವರಿಗೆ ವಿಪತ್ತು ಪರಿಹಾರ ನಿಧಿಯಿಂದ 4 ಲಕ್ಷ ಬರುವ ನಿಯಮ ಇದೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ವಂಶಾವಳಿಯಲ್ಲಿ ಒಬ್ಬರು ಬಿಟ್ಟುಹೋಗಿದ್ದು, ಇಂಥದ್ದರಲ್ಲಿ ಕಡತ ನಿಲ್ಲುತ್ತದೆ. ದೇಹ ಸಿಗದವರಿಗೆ ಮರಣ ಪತ್ರವೇ ಗಂಟು: ಸಾಮಾನ್ಯ ಕಾನೂನಿನಲ್ಲಿ 7 ವರ್ಷ ಸುಳಿವಿಲ್ಲದಿದ್ದರೆ ಮಾತ್ರ ಸತ್ತರೆಂಬ ಊಹೆ. ಆದರೆ 2021ರ ಚಮೋಲಿ ಪ್ರವಾಹದಲ್ಲೂ 2024ರ ವಯನಾಡು ಕುಸಿತದಲ್ಲೂ ಅಷ್ಟು ಕಾಯದೆ ತನಿಖೆ ಮಾಡಿ ಪತ್ರ ಕೊಡುವ ದಾರಿಯನ್ನು ಸರ್ಕಾರಗಳು ಮಾಡಿವೆ. ಅರ್ಜಿ ಬರೆಯುವಾಗ ಇವೆರಡನ್ನೂ ಉಲ್ಲೇಖಿಸಬೇಕು. ಯಲ್ಲಾಪುರದಂಥ ಲಾರಿ ಅಪಘಾತದಲ್ಲಿ, ಸರಕು ಗಾಡಿಯಲ್ಲಿ ಜನ ಯಾಕೆ ಇದ್ದರು ಎಂದು ವಿಮೆಯವರು ತಕರಾರು ತೆಗೆಯುತ್ತಾರೆ. ಸರಕಿನ ಮಾಲೀಕ ಅದೇ ಗಾಡಿಯಲ್ಲಿ ಹೋಗುತ್ತಿದ್ದರೆ ಅವನಿಗೂ ವಿಮೆ ಅನ್ವಯ ಎಂದು 1994ರ ತಿದ್ದುಪಡಿಯಲ್ಲೇ ಇದೆ. ಹಾಗಾಗಿ ಆ ದಿನದ ತರಕಾರಿ ಖರೀದಿಯ ಚೀಟಿ ಬಂಗಾರಕ್ಕೆ ಸಮ. ಕ್ಲೇಮು ಅರ್ಜಿಯನ್ನು ಆರು ತಿಂಗಳೊಳಗೆ ಹಾಕುವುದು ಕ್ಷೇಮ.

ಹುಲೇಕಲ್ ಮೇಷ್ಟ್ರು

ದಿವಗಿಯವರು ಮೇಜಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಅಭಿಮಾನದ ದುಃಖ ಬೇಗ ಆರುತ್ತದೆ ಅನ್ನುತ್ತಾರೆ, ಆದರೆ ದಾರಿ ಇದ್ದರೆ ಅದು ಎಷ್ಟು ದೂರ ಹೋಗುತ್ತದೆ ನೋಡಿ. ಪುನೀತ್ ಅವರ ಎರಡು ಕಣ್ಣಿನ ಕಾರ್ನಿಯಾವನ್ನು (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಆಮೇಲೆ ರಾಜ್ಯದ ಎಲ್ಲ ಕಡೆ ನೇತ್ರದಾನಕ್ಕೆ ಜನ ಮುಂದೆ ಬಂದರು. ಹೃದಯಾಘಾತಕ್ಕೆ ತಾಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಹೃದಯ ಜ್ಯೋತಿ ಯೋಜನೆಗೂ ಅವರ ಹೆಸರೇ ಬಂತು.

ಆದರೆ ಅರ್ಜಿ ತುಂಬಿದವರೆಲ್ಲ ದಾನಿಗಳಾಗುವುದಿಲ್ಲ. ಅರ್ಜಿ ತುಂಬಿದ ವಿಷಯ ಮನೆಯವರಿಗೆ ಗೊತ್ತಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಒಪ್ಪಿಗೆ ಕೊಡಬೇಕಾದವರು ಅವರೇ. ಅರ್ಜಿ ತುಂಬದವರ ಕಣ್ಣನ್ನೂ ಮನೆಯವರು ಕೊಡಬಹುದು. ಸತ್ತ 6 ಗಂಟೆಯೊಳಗೆ ತೆಗೆಯಬೇಕು, ತೆಗೆಯುವ ಕೆಲಸ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯಡಿಗೆ ದಿಂಬು ಕೊಟ್ಟು ಎತ್ತರಿಸಬೇಕು, ಫ್ಯಾನ್ ನಿಲ್ಲಿಸಬೇಕು. ಫ್ಯಾನ್ ಓಡುತ್ತಿದ್ದರೆ ಕಾರ್ನಿಯಾ ಒಣಗುತ್ತದೆ. ಜನ ಸೇರಿದ ಮನೆಯಲ್ಲಿ ಸೆಕೆ ಅಂತ ಯಾರಾದರೂ ಹಾಕಿಯೇ ಹಾಕುತ್ತಾರೆ, ಸ್ವಿಚ್ಚಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆಯ ಶಸ್ತ್ರಚಿಕಿತ್ಸೆ ಆಗಿದ್ದವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್ ಇದ್ದವರದ್ದು ಆಗುವುದಿಲ್ಲ. ಘಟ್ಟದ ಮೇಲಿನ ಹಳ್ಳಿಗಳಿಗೆ ಆ 6 ಗಂಟೆಯಲ್ಲಿ ತಂಡ ಬಂದು ಮುಟ್ಟುವುದೇ ಕಷ್ಟ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಸಭೆಯ ಆಮಂತ್ರಣದ ಹಿಂಬದಿಗೆ ಅಚ್ಚು ಹಾಕಿಸಿ.

ಮಂಜಗುಣಿ ತಾರಿ

ಎಲ್ಲರಿಗೂ ನಮಸ್ಕಾರ. ಬ್ಯಾನರ್ ಬಿಟ್ಟು 12×18 ಪ್ರಿಂಟ್ ಅಂತ ತೀರ್ಮಾನ. ಹಾರ ಇಲ್ಲ. ಎರಡು ಪ್ರಶ್ನೆ ಉಳಿದಿದೆ: ಆ ದಿನ ರೆಡ್ ಅಲರ್ಟ್ ಬಂದು ಶಾಲೆಗೆ ರಜೆ ಕೊಟ್ಟರೆ ಭವನ ಸಿಗುತ್ತದೆಯೇ? ಹೊರ ರಾಜ್ಯದ ಮನೆಯವರು ಬಂದರೆ ಮಳೆಯಲ್ಲಿ ಉಳಿಸುವುದು ಎಲ್ಲಿ?

ದಿವಗಿ ಸೇತುವೆ

ರಜೆ ಘೋಷಣೆ ಸಾಮಾನ್ಯವಾಗಿ ಹಿಂದಿನ ಸಂಜೆಯೋ ಬೆಳಿಗ್ಗೆಯೋ ಬರುತ್ತದೆ. ಶಾಲೆ ಹಿಡಿದರೆ ಮುಖ್ಯೋಪಾಧ್ಯಾಯರಿಗೆ ಬೀಗ ತೆಗೆಯುವ ಧೈರ್ಯ ಇರುವುದಿಲ್ಲ, ಅದೇ ಕಟ್ಟಡ ಕಾಳಜಿ ಕೇಂದ್ರ ಆಗುವುದೂ ಇದೆ. ಹಾಗಾಗಿ ಮೊದಲ ಆಯ್ಕೆ ಖಾಸಗಿ ಸಭಾಭವನ, ಬದಲಿ ದಿನ ಮುಂದಿನ ಭಾನುವಾರ ಎಂದು ಆಮಂತ್ರಣದಲ್ಲೇ ಬರೆಸಿ. ಹೊರಗಿನವರಿಗೆ ಅಂಕೋಲಾ ರೈಲ್ವೆ ನಿಲ್ದಾಣದಿಂದ ಗಾಡಿ ಬೇಕಾಗುತ್ತದೆ. ಅದನ್ನು ಸ್ಟ್ಯಾಂಡಿನವರಿಗೆ ಕೇಳಿ.

ಶಂಕ್ರಣ್ಣನ ಸ್ಟ್ಯಾಂಡ್

ರೈಲಿನ ಹೊತ್ತು ಹಿಂದಿನ ದಿನ ಹೇಳಿ, ಎರಡು ಗಾಡಿ ನಿಲ್ಲಿಸುತ್ತೇವೆ. ಬಾಡಿಗೆ ಮಾತು ಬೇಡ.